ಗುಹ್ಯಚರ್ಮದ ಗುಳ್ಳೆಗಳು: ಭಯವೇಕೆ, ಎಚ್ಚರವೆಲ್ಲಿ?



ಈ ಪುಟಗಳಲ್ಲಿ ನಾವು ಹಿಂದೆ ಮಧುಮೇಹ, ಮಂಡಿನೋವು, ಮಂಗನ ಕಾಯಿಲೆ, ಮಳೆಗಾಲದ ಕೆಮ್ಮು ಮುಂತಾದವುಗಳನ್ನು ಕುರಿತು ಬರೆದಿದ್ದೇವೆ. ಈ ತಿಂಗಳ ವಿಷಯವನ್ನು ಕಂಡು ಕೆಲವು ಹಿರಿಯರು ಹುಬ್ಬು ಗಂಟಿಕ್ಕಬಹುದು. ಮಠದ ಪತ್ರಿಕೆ ಮನೆಯ ಜಗಲಿಯ ಮೇಲೆ ಇರುತ್ತದೆ, ಮಕ್ಕಳೂ ಸೊಸೆಯಂದಿರೂ ಓದುತ್ತಾರೆ, ಇಂಥದ್ದನ್ನು ಬರೆಯಬೇಕೇ ಎಂದು ಕೇಳಬಹುದು. ಅವರೆಲ್ಲ ಓದುತ್ತಾರೆಂಬ ಕಾರಣಕ್ಕಾಗಿಯೇ ನಾವು ಇದನ್ನು ಬರೆಯುತ್ತಿದ್ದೇವೆ.

ಆಷಾಢ, ಶ್ರಾವಣಗಳಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಚಿಕಿತ್ಸಾಲಯಕ್ಕೆ ತೊಡೆಸಂದಿನ ಗಜಕರ್ಣದವರು ಒಬ್ಬರ ಹಿಂದೊಬ್ಬರು ಬರುತ್ತಾರೆ. ಗದ್ದೆಯ ಕೆಸರಿನಲ್ಲಿ, ಅಡಿಕೆ ತೋಟದಲ್ಲಿ ದಿನವಿಡೀ ಒದ್ದೆ ಬಟ್ಟೆಯಲ್ಲಿರುವವರಿಗೆ ಅದು ತಪ್ಪಿದ್ದಲ್ಲ. ಔಷಧ ಬರೆಸಿಕೊಂಡು, ಹಣ ಕೊಟ್ಟು, ಬಾಗಿಲ ಪರದೆಗೆ ಕೈಹಾಕಿದವರಲ್ಲಿ ಕೆಲವರು ತಿರುಗಿ ನಿಂತು, "ಡಾಕ್ಟ್ರೇ, ಇನ್ನೊಂದು ಮಾತಿತ್ತು" ಎನ್ನುತ್ತಾರೆ. ಅವರು ಬಂದ ನಿಜವಾದ ಕಾರಣ ಆ ಇನ್ನೊಂದು ಮಾತಿನಲ್ಲಿರುತ್ತದೆ ಎಂಬುದನ್ನು ನಾವು ವೃತ್ತಿಯಲ್ಲಿ ಬಹಳ ತಡವಾಗಿ ಕಲಿತೆವು.

ಹಾಗೆ ತಿರುಗಿ ನಿಂತವರಲ್ಲಿ ಒಬ್ಬ ತರುಣನಿದ್ದ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಹೇಳುತ್ತೇವೆ. ಇಪ್ಪತ್ತೇಳು ವರ್ಷ, ಓದಿದವನು, ತೋಟದ ಮನೆಯವನು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ತನ್ನ ಶಿಶ್ನದ ತುದಿಯ ಸುತ್ತ ಸಣ್ಣ ಬಿಳಿ ಗುಳ್ಳೆಗಳ ಸಾಲೊಂದನ್ನು ಕಂಡಿದ್ದ. ನೋವಿಲ್ಲ, ತುರಿಕೆಯಿಲ್ಲ, ಎಂಟು ವರ್ಷಗಳಲ್ಲಿ ಒಂದು ಹೆಚ್ಚಲಿಲ್ಲ, ಒಂದು ಕಡಿಮೆಯಾಗಲಿಲ್ಲ. ಆದರೂ ಅದು ಕೆಟ್ಟ ರೋಗವೆಂದು ಆತ ನಂಬಿದ್ದ. ಯಾವ ಹೆಣ್ಣಿನ ಸಂಪರ್ಕವೂ ಇಲ್ಲದ ತನಗೆ ಅದು ಹೇಗೆ ಬಂತೆಂದು ತಿಳಿಯದೆ, ತಾನೇ ಮಾಡಿಕೊಂಡ ಯಾವುದೋ ಪಾಪದ ಫಲವೆಂದು ಕೊರಗುತ್ತಿದ್ದ. ಬಂದ ಎರಡು ಸಂಬಂಧಗಳನ್ನು ಏನೇನೋ ನೆಪ ಹೇಳಿ ಬಿಟ್ಟಿದ್ದ. ಮೂರನೆಯದಕ್ಕೆ ಹಿರಿಯರು ನಿಶ್ಚಿತಾರ್ಥದ ದಿನ ಗೊತ್ತುಮಾಡಿದಾಗ ಮದುವೆಯೇ ಬೇಡವೆಂದು ಹಟ ಹಿಡಿದ. ಮಗ ಬೇರೆ ಯಾರನ್ನೋ ಮನಸ್ಸಿನಲ್ಲಿಟ್ಟುಕೊಂಡಿದ್ದಾನೆಂದು ತಾಯಿ ಊಟ ಬಿಟ್ಟಿದ್ದರು.

ಪರೀಕ್ಷೆಗೆ ನಮಗೆ ಎರಡು ನಿಮಿಷ ಸಾಕಾಯಿತು. ಅದು ರೋಗವೇ ಆಗಿರಲಿಲ್ಲ.

ಮುಂದುವರಿಯುವ ಮುನ್ನ ಒಂದು ಮಾತು. ವೈದ್ಯಗ್ರಂಥಗಳಲ್ಲಿ ಈ ಅಂಗಕ್ಕೆ ಬಳಸುವ ಇನ್ನೊಂದು ಸಂಸ್ಕೃತ ಪದವನ್ನು ನಾವು ಈ ಲೇಖನದಲ್ಲಿ ಬಳಸುವುದಿಲ್ಲ. ಅಂಗೈಯಲ್ಲಿಟ್ಟು ಪೂಜಿಸುವ ವಸ್ತುವಿನ ಹೆಸರು ನಮ್ಮ ಓದುಗರಿಗೆ ಬೇರೆಯೇ ಅರ್ಥದ್ದು. ಆದುದರಿಂದ ಶಿಶ್ನ, ವೃಷಣಚೀಲ, ಯೋನಿ ಎಂಬ ಪದಗಳನ್ನೇ ಬಳಸುತ್ತೇವೆ. ಇವು ಕೈ, ಕಾಲು, ಕಣ್ಣು ಎಂಬಂತೆಯೇ ಅಂಗಗಳ ಹೆಸರುಗಳು. ಹೆಸರು ಹೇಳಲಾಗದ ಅಂಗದ ತೊಂದರೆಯನ್ನು ವೈದ್ಯರ ಮುಂದೆ ಹೇಳುವುದಾದರೂ ಹೇಗೆ?

ಆ ತರುಣನಲ್ಲಿ ಕಂಡದ್ದಕ್ಕೆ ಆಧುನಿಕ ವೈದ್ಯಶಾಸ್ತ್ರದಲ್ಲಿ 'ಪರ್ಲಿ ಪೀನೈಲ್ ಪ್ಯಾಪ್ಯೂಲ್ಸ್' ಎಂದು ಹೆಸರು. ಮುತ್ತಿನಂತಹ ಗುಳ್ಳೆಗಳು ಎಂದರ್ಥ. ಶಿಶ್ನದ ತುದಿಯ ಮಣಿಯಂತಹ ಭಾಗದ ಅಂಚಿನಲ್ಲಿ, ಒಂದು ಅಥವಾ ಎರಡು ಸಾಲಾಗಿ, ಸುಮಾರು 1 ರಿಂದ 2 ಮಿಲಿಮೀಟರ್ ಗಾತ್ರದಲ್ಲಿ, ಪೋಣಿಸಿದಂತೆ ಸುತ್ತುವರಿದಿರುತ್ತವೆ. ಬಣ್ಣ ಬಿಳಿ ಅಥವಾ ಚರ್ಮದ್ದೇ ಬಣ್ಣ. ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆ, ನುಣುಪು, ಒಂದಕ್ಕೊಂದು ಅಂಟಿಕೊಳ್ಳದೆ ಬೇರೆಬೇರೆ ನಿಂತಿರುತ್ತವೆ. ಪ್ರಾಯಕ್ಕೆ ಬಂದ ಮೇಲೆ ಕಾಣಿಸಿಕೊಂಡು, ವಯಸ್ಸಾದಂತೆ ಎಷ್ಟೋ ಜನರಲ್ಲಿ ತಾವಾಗಿಯೇ ಮಾಸುತ್ತವೆ. ಬೇರೆಬೇರೆ ದೇಶಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ ನೂರು ಪುರುಷರಲ್ಲಿ ಹದಿನಾಲ್ಕರಿಂದ ನಲವತ್ತೆಂಟು ಮಂದಿಯವರೆಗೆ ಇವು ಕಂಡುಬಂದಿವೆ. ಎಂದರೆ ಒಂದು ಪಂಕ್ತಿಯಲ್ಲಿ ಊಟಕ್ಕೆ ಕುಳಿತ ಹತ್ತು ಯುವಕರಲ್ಲಿ ಒಬ್ಬಿಬ್ಬರಿಗಾದರೂ ಇರುವ ಸಂಗತಿ ಇದು. ಆ ಹತ್ತರಲ್ಲಿ ಪ್ರತಿಯೊಬ್ಬನೂ ತನಗೊಬ್ಬನಿಗೇ ಎಂದುಕೊಂಡಿರುತ್ತಾನೆ.

ಇವು ಸೋಂಕಲ್ಲ. ಹೆಂಡತಿಗೆ ತಗಲುವುದಿಲ್ಲ, ಹುಟ್ಟುವ ಮಗುವಿಗೆ ಏನೂ ಆಗುವುದಿಲ್ಲ, ಕ್ಯಾನ್ಸರಾಗಿ ಬೆಳೆಯುವುದಿಲ್ಲ. ಕೊಳಕಿನಿಂದ ಬಂದವಲ್ಲ, ಆದುದರಿಂದ ದಿನಕ್ಕೆ ಆರು ಬಾರಿ ಸಾಬೂನು ಹಾಕಿ ತೊಳೆದರೂ ಹೋಗುವುದಿಲ್ಲ. ಹಸ್ತಮೈಥುನದಿಂದ ಬಂದವೂ ಅಲ್ಲ. ಈ ಪದವನ್ನು ಬರೆಯಲು ನಮಗೂ ಸಂಕೋಚವಿದೆ. ಆದರೆ ಆ ತರುಣ ಎಂಟು ವರ್ಷ ಹೊತ್ತ ಹೊರೆಯ ಬಹುಭಾಗ ಅದೇ ಆಗಿದ್ದುದರಿಂದ ಬರೆಯದೆ ಬಿಡಲಾರೆವು.

ಇಷ್ಟು ಖಚಿತವಾಗಿ ಹೇಳುವ ನಾವೇ ಒಮ್ಮೆ ತಪ್ಪು ಮಾಡಿದ್ದೇವೆ. ವೃತ್ತಿಗೆ ಬಂದ ಮೊದಲ ವರ್ಷಗಳ ಮಾತು. ಇಂಥದೇ ಗುಳ್ಳೆಗಳ ಸಾಲನ್ನು ತೋರಿಸಿದ ಯುವಕನೊಬ್ಬನಿಗೆ, ಸುಶ್ರುತ ಸಂಹಿತೆಯಲ್ಲಿ ಜನನೇಂದ್ರಿಯದ ಮೇಲೂ ಅರ್ಶಸ್ಸಿನ ಮಾಂಸಾಂಕುರಗಳು ಹುಟ್ಟುತ್ತವೆಂದು ಓದಿದ್ದನ್ನು ನೆನೆದು, ಮೂಲವ್ಯಾಧಿಗೆ ಬಳಸುವ ಕಾಸೀಸಾದಿ ತೈಲವನ್ನು ಹಚ್ಚಲು ಕೊಟ್ಟೆವು. ಅದು ಕ್ಷಾರದಂತೆ ಮಾಂಸವನ್ನು ಕರಗಿಸುವ ಔಷಧ. ವಾರದಲ್ಲಿ ಆತನ ಚರ್ಮ ಸುಲಿದು ಹುಣ್ಣಾಯಿತು. ಮೂತ್ರ ತಗುಲಿದರೆ ಉರಿಯಿಂದ ಕೂಗುವ ಸ್ಥಿತಿ. ಹುಣ್ಣು ಮಾಗಿದ ಮೇಲೆ ನೋಡಿದರೆ ಗುಳ್ಳೆಗಳು ಅಲ್ಲಿಯೇ ಇದ್ದವು. ಆಗ ಶಿವಮೊಗ್ಗದ ಚರ್ಮವೈದ್ಯ ಮಿತ್ರರೊಬ್ಬರು ಆತನನ್ನು ನೋಡಿ, ನಮ್ಮನ್ನು ಬದಿಗೆ ಕರೆದು, "ಇದು ದೇಹ ಹುಟ್ಟಿಸಿದ್ದು, ರೋಗ ಹುಟ್ಟಿಸಿದ್ದಲ್ಲ" ಎಂದು ತಿಳಿಸಿಕೊಟ್ಟರು. ಗ್ರಂಥ ತಪ್ಪು ಹೇಳಿರಲಿಲ್ಲ. ಅಲ್ಲಿ ಹೇಳಿದ ರೋಗ ಬೇರೆ, ನಮ್ಮ ಮುಂದಿದ್ದ ಸಹಜ ಚರ್ಮ ಬೇರೆ. ಆ ಯುವಕ ಮತ್ತೆ ನಮ್ಮಲ್ಲಿಗೆ ಬರಲಿಲ್ಲ.

ಆ ಬಳಿಕ ಸುಶ್ರುತ ಸಂಹಿತೆಯನ್ನು ಇನ್ನೊಮ್ಮೆ ಎಚ್ಚರದಿಂದ ಓದಿದೆವು. ನಿದಾನಸ್ಥಾನದ 14ನೆಯ ಅಧ್ಯಾಯ ಶೂಕದೋಷವನ್ನು ಕುರಿತದ್ದು. ವಿದ್ಯಾರ್ಥಿಯಾಗಿದ್ದಾಗ ಪರೀಕ್ಷೆಗೆ ಬೇಕಾದಷ್ಟನ್ನು ಬಾಯಿಪಾಠ ಮಾಡಿ ಮುಂದೆ ಹೋಗಿದ್ದ ಅಧ್ಯಾಯವದು. ಶೂಕವೆಂದರೆ ಶಿಶ್ನವನ್ನು ದೊಡ್ಡದು ಮಾಡಿಕೊಳ್ಳುವ ಆಸೆಯಿಂದ ಅಂದಿನವರು ಹಚ್ಚಿಕೊಳ್ಳುತ್ತಿದ್ದ, ನೀರಿನ ವಿಷಕೀಟವನ್ನು ಸೇರಿಸಿ ಮಾಡಿದ ಲೇಪ. ಅದನ್ನು ತಪ್ಪಾಗಿ ಹಚ್ಚಿಕೊಂಡವರಿಗೆ ಬರುವ ಹದಿನೆಂಟು ರೋಗಗಳನ್ನು ಸುಶ್ರುತ ಎಣಿಸಿ ಹೇಳುತ್ತಾನೆ. ಮೊದಲನೆಯದೇ ಸರ್ಷಪಿಕಾ, ಸಾಸಿವೆ ಕಾಳಿನಂತಹ ಗುಳ್ಳೆಗಳು. ಮುಂದೆ ಚರ್ಮ ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುವುದು, ಚರ್ಮ ಬೇಯುವುದು, ಮಾಂಸ ಕೊಳೆಯುವುದು ಎಂದು ಪಟ್ಟಿ ಬೆಳೆಯುತ್ತದೆ. ಎಷ್ಟೋ ಶತಮಾನಗಳ ಹಿಂದಿನ ವೈದ್ಯನೊಬ್ಬ ಈ ಅಂಗದ ರೋಗಗಳಿಗೆಂದು ಬರೆದ ಅಧ್ಯಾಯಗಳಲ್ಲಿ ಒಂದನ್ನು ಇಡಿಯಾಗಿ, ಜನರು ತಮ್ಮ ಕೈಯಾರೆ ಹಚ್ಚಿಕೊಂಡು ತಂದುಕೊಂಡ ಕೇಡಿಗಾಗಿ ಮೀಸಲಿಟ್ಟಿದ್ದಾನೆ. ನಮ್ಮ ಚಿಕಿತ್ಸಾಲಯದಲ್ಲಿ ಕಂಡ ಹುಣ್ಣುಗಳಲ್ಲಿಯೂ ಎಷ್ಟೋ ಆ ಬಗೆಯವೇ.

ಈಗ ಹಚ್ಚುವವರು ಕೀಟವನ್ನು ಹುಡುಕಬೇಕಾಗಿಲ್ಲ. ಎಲೆಯಡಿಕೆಯ ಸುಣ್ಣ ಪ್ರತಿ ಮನೆಯಲ್ಲಿದೆ. ಅದಕ್ಕೆ ಸೋಡಾ ಬೆರೆಸಿ ಹಚ್ಚಿದರೆ ನರಹುಲಿ ಉದುರುತ್ತದೆಂದು ಯಾರೋ ಹೇಳಿರುತ್ತಾರೆ. ಎಕ್ಕದ ಹಾಲು, ಕಳ್ಳಿಯ ಹಾಲು, ಗೇರುಸಿಪ್ಪೆಯ ಎಣ್ಣೆ, ಕರಿಗೇರಿನ ರಸ ಇವೆಲ್ಲವೂ ನಮ್ಮ ಸೀಮೆಯಲ್ಲಿ ಕೈಗೆಟುಕುವಂಥವು. ಕರಿಗೇರು ಎಂಬ ಭಲ್ಲಾತಕವನ್ನು ನಾವು ಆಯುರ್ವೇದದವರು ಶೋಧಿಸದೆ ಮುಟ್ಟುವುದಿಲ್ಲ. ಅದರ ಹಸಿರಸ ಅಂಗೈಗೆ ತಾಗಿದರೂ ಬೊಬ್ಬೆ ಏಳುತ್ತದೆ. ಅಂಗೈಯ ಚರ್ಮ ದಪ್ಪ; ವೃಷಣಚೀಲದ ಚರ್ಮ ದೇಹದಲ್ಲಿಯೇ ಅತಿ ತೆಳುವಾದವುಗಳಲ್ಲಿ ಒಂದು, ಹಚ್ಚಿದ್ದನ್ನು ಬಹುಬೇಗ ಹೀರುತ್ತದೆ. ಇಲ್ಲದ ರೋಗಕ್ಕೆ ಹಚ್ಚಿದ ಸುಣ್ಣದಿಂದ ತಿಂಗಳುಗಟ್ಟಲೆ ಮಾಗದ ಹುಣ್ಣು ಮಾಡಿಕೊಂಡು, ಕೊನೆಗೆ ಮುಂದೊಗಲು ಹಿಂದೆ ಸರಿಯದಂತೆ ಬಿಗಿದುಕೊಂಡವರನ್ನು ನಾವು ಕಂಡಿದ್ದೇವೆ.

ಇನ್ನೊಂದು ಶೂಕ ಔಷಧದ ಅಂಗಡಿಯಲ್ಲಿ ಸಿಗುವ ಮುಲಾಮು. ಗಜಕರ್ಣಕ್ಕೆಂದು ಕೇಳಿದೊಡನೆ ಸ್ಟೀರಾಯ್ಡ್ ಬೆರೆತ ಟ್ಯೂಬೊಂದನ್ನು ಕೊಡುವ ರೂಢಿ ನಿಂತಿಲ್ಲ. 2018ರಲ್ಲಿ ಕೇಂದ್ರ ಸರಕಾರ ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಕೂಡದೆಂದು ವಿಧಿಸಿತು. ಮೊದಲ ನಾಲ್ಕು ದಿನ ತುರಿಕೆ ಮಾಯವಾಗುವುದರಿಂದ ಜನರಿಗೆ ಅದು ಅಮೃತದಂತೆ ತೋರುತ್ತದೆ. ಆಮೇಲೆ ಗಜಕರ್ಣ ಒಳಗೊಳಗೇ ಹರಡಿ ಎರಡರಷ್ಟಾಗುತ್ತದೆ, ಚರ್ಮ ತೆಳುವಾಗಿ ತೊಡೆಸಂದಿನಲ್ಲಿ ಬಸಿರಿಯ ಹೊಟ್ಟೆಯ ಮೇಲಿನಂತಹ ಗೆರೆಗಳು ಬೀಳುತ್ತವೆ. ಆ ಗೆರೆಗಳು ಪೂರ್ತಿಯಾಗಿ ಹೋಗುವುದೇ ಇಲ್ಲ.

ಇನ್ನುಳಿದ ನಿರಪಾಯ ಗುಳ್ಳೆಗಳ ಮಾತಿಗೆ ಬರೋಣ.

ಓದುಗರು ಕನ್ನಡಿಯ ಮುಂದೆ ನಿಂತು ಮೇಲ್ದುಟಿಯನ್ನು ಬೆರಳಿನಿಂದ ಬಿಗಿಯಾಗಿ ಎಳೆದು ನೋಡಿರಿ. ಎಷ್ಟೋ ಜನರಿಗೆ ತುಟಿಯ ಅಂಚಿನಲ್ಲಿ ರವೆ ಕಾಳಿನಂತಹ ಹಳದಿ ಮಿಶ್ರಿತ ಬಿಳಿ ಚುಕ್ಕೆಗಳು ಕಾಣುತ್ತವೆ. ಅವು ಜಿಡ್ಡಿನ ಗ್ರಂಥಿಗಳು. ಬೇರೆಡೆ ಇವು ಕೂದಲಿನ ಬುಡದಲ್ಲಿ ಅಡಗಿರುತ್ತವೆ; ಕೂದಲಿಲ್ಲದ ಕಡೆ ನೇರವಾಗಿ ಚರ್ಮದ ಕೆಳಗೇ ಇರುವುದರಿಂದ ಹೊರಗೆ ಕಾಣುತ್ತವೆ. ಅಮೆರಿಕದ ಚರ್ಮವೈದ್ಯ ಜಾನ್ ಫೋರ್ಡೈಸ್ 1896ರಲ್ಲಿ ಇವುಗಳನ್ನು ವಿವರಿಸಿದ್ದರಿಂದ ಇವಕ್ಕೆ ಫೋರ್ಡೈಸ್ ಚುಕ್ಕೆಗಳೆಂದೇ ಹೆಸರು. ಇವೇ ಚುಕ್ಕೆಗಳು ಶಿಶ್ನದ ದಂಡದ ಮೇಲೆ, ವೃಷಣಚೀಲದ ಮೇಲೆ, ಸ್ತ್ರೀಯರ ಯೋನಿಯ ತುಟಿಗಳ ಮೇಲೆ ಇದ್ದಾಗ ಮಾತ್ರ ರೋಗವೆಂಬ ಹೆದರಿಕೆ ಹುಟ್ಟುತ್ತದೆ. ತುಟಿಯ ಮೇಲಿದ್ದರೆ ಯಾರೂ ನಿದ್ದೆ ಕೆಡಿಸಿಕೊಳ್ಳುವುದಿಲ್ಲ. ಚರ್ಮವನ್ನು ಎಳೆದು ಹಿಡಿದರೆ ಇವು ಸ್ಪಷ್ಟವಾಗಿ ಕಾಣುತ್ತವೆ, ಬಿಟ್ಟರೆ ಮರೆಯಾಗುತ್ತವೆ. ಹಿಸುಕಿದರೆ ಸ್ವಲ್ಪ ಜಿಡ್ಡು ಬರಬಹುದು. ಅದನ್ನು ಕೀವೆಂದು ತಿಳಿದು ದಿನವೂ ಹಿಸುಕಿ ಕುರು ಮಾಡಿಕೊಳ್ಳುವವರಿದ್ದಾರೆ.

ಅದೇ ಫೋರ್ಡೈಸ್ ಅದೇ ವರ್ಷ ವಿವರಿಸಿದ ಇನ್ನೊಂದು ಸಂಗತಿ ನಡುವಯಸ್ಸು ದಾಟಿದ ಗಂಡಸರದ್ದು. ವೃಷಣಚೀಲದ ಮೇಲೆ ಕಡುಕೆಂಪು ಅಥವಾ ನೇರಳೆ ಬಣ್ಣದ, ಸಾಸಿವೆಯಷ್ಟು ದಪ್ಪದ ಚುಕ್ಕೆಗಳು ಹತ್ತಿಪ್ಪತ್ತು ಏಳುತ್ತವೆ. ಅವು ಹಿಗ್ಗಿದ ಸಣ್ಣ ರಕ್ತನಾಳಗಳು. ತುರಿಸಿದಾಗ ರಕ್ತ ಬರಬಹುದು. ಬೆಳಗ್ಗೆ ಒಳಉಡುಪಿನಲ್ಲಿ ರಕ್ತದ ಕಲೆ ಕಂಡು ನಡುಗುತ್ತಾ ಬಂದ ಹಿರಿಯರು ನಮಗೆ ನೆನಪಿದ್ದಾರೆ. ಶುಭ್ರವಾದ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿದರೆ ನಿಲ್ಲುತ್ತದೆ. ಪದೇ ಪದೇ ಬಂದರೆ ಚರ್ಮವೈದ್ಯರು ಅದನ್ನು ಸುಟ್ಟು ತೆಗೆಯುತ್ತಾರೆ. ಚಿಕ್ಕ ವಯಸ್ಸಿನವರಲ್ಲಿ ಸೊಂಟದ ಸುತ್ತಲೂ ತೊಡೆಗಳ ಮೇಲೂ ಇವು ಬಹಳವಾಗಿ ಎದ್ದು, ಜೊತೆಗೆ ಕೈಕಾಲುಗಳಲ್ಲಿ ಉರಿನೋವಿದ್ದರೆ ಮಾತ್ರ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಬೇಕು. ಅದೊಂದು ಅಪರೂಪದ ವಂಶವಾಹಿ ರೋಗದ ಗುರುತಾಗಿರಬಹುದು.

ವೃಷಣಚೀಲದ ಚರ್ಮದಲ್ಲಿ ಕಡಲೆಕಾಳಿನಷ್ಟು ಗಟ್ಟಿಯಾದ ಹಳದಿ ಗಂಟುಗಳು ಕೆಲವರಿಗೆ ಹತ್ತಾರು ಇರುತ್ತವೆ. ಅವುಗಳೊಳಗೆ ಮೊಸರಿನ ಗಸಿಯಂತಹ ವಸ್ತು ಇರುತ್ತದೆ, ಹಳೆಯದಾದರೆ ಸುಣ್ಣಗಟ್ಟಿ ಕಲ್ಲಾಗುತ್ತದೆ. ಅಪಾಯವಿಲ್ಲ. ಬೇಡವೆನಿಸಿದರೆ ಶಸ್ತ್ರವೈದ್ಯರು ಅಷ್ಟು ಭಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ತೆಗೆಯುತ್ತಾರೆ. ಬ್ಲೇಡಿನಿಂದ ಕೂದಲು ತೆಗೆದ ಎರಡು ಮೂರು ದಿನಗಳಲ್ಲಿ ಏಳುವ ಕೆಂಪು ಗುಳ್ಳೆಗಳು ಕೂದಲು ಒಳಮುಖವಾಗಿ ಬೆಳೆದದ್ದರ ಫಲ. ಬ್ಲೇಡು ಬಿಟ್ಟು ಕತ್ತರಿ ಬಳಸಿದರೆ ಹೆಚ್ಚಿನವು ತಾವೇ ಹೋಗುತ್ತವೆ.

ಸ್ತ್ರೀಯರ ವಿಷಯವನ್ನು ನಾವು ಪುರುಷರಷ್ಟು ಬಲ್ಲೆವೆಂದು ಹೇಳಲಾರೆವು. ಅವರು ನಮ್ಮಂತಹ ಗಂಡು ವೈದ್ಯರ ಬಳಿ ಬಾಗಿಲಲ್ಲಿ ತಿರುಗಿ ನಿಂತು ಕೂಡ ಹೇಳುವುದಿಲ್ಲ. ಹೇಳಿಸುವುದು ಹೆಚ್ಚಾಗಿ ಅತ್ತೆ, ಅಕ್ಕ ಅಥವಾ ನಮ್ಮ ಮನೆಯವರ ಮೂಲಕ. ಯೋನಿಯ ಒಳತುಟಿಗಳ ಒಳಬದಿಯಲ್ಲಿ, ಎರಡೂ ಪಕ್ಕದಲ್ಲಿ ಸಮನಾಗಿ, ಮೃದುವಾದ ಗುಲಾಬಿ ಬಣ್ಣದ ಸಣ್ಣ ಎಳೆಗಳಂತಹ ಗುಳ್ಳೆಗಳಿರುವುದು ಸಹಜ. ಪುರುಷರಲ್ಲಿನ ಮುತ್ತಿನ ಗುಳ್ಳೆಗಳಿಗೆ ಇವನ್ನು ಹೋಲಿಸಬಹುದು. ವೈದ್ಯರೇ ಕೆಲವೊಮ್ಮೆ ಇವನ್ನು ಲೈಂಗಿಕ ಸೋಂಕಿನ ನರಹುಲಿಯೆಂದು ತಪ್ಪಾಗಿ ತಿಳಿಯುತ್ತಾರೆ. ಗುರುತು ಹೀಗೆ: ಸಹಜವಾದವು ಒಂದೊಂದೂ ತನ್ನ ಬುಡದಿಂದ ಪ್ರತ್ಯೇಕವಾಗಿ ಎದ್ದಿರುತ್ತವೆ, ಮೃದುವಾಗಿರುತ್ತವೆ. ನರಹುಲಿಯಾದರೆ ಒಂದೇ ಬುಡದಿಂದ ಹಲವು ಕವಲೊಡೆದು ಹೂಕೋಸಿನಂತಿರುತ್ತದೆ, ಒರಟಾಗಿರುತ್ತದೆ, ಒಂದೇ ಪಕ್ಕದಲ್ಲಿರಬಹುದು, ವಾರವಾರಕ್ಕೂ ಬೆಳೆಯುತ್ತದೆ. ಮದುವೆಯಾದ ಹೊಸತರಲ್ಲಿ ಇವನ್ನು ಮೊದಲ ಬಾರಿ ಗಮನಿಸಿದ ಹೆಣ್ಣುಮಗಳು ಗಂಡನಿಂದ ಬಂತೆಂದು ತಿಳಿಯುವುದೂ, ಗಂಡ ಹೆಂಡತಿಯನ್ನು ಸಂಶಯಿಸುವುದೂ ಎರಡನ್ನೂ ನಾವು ಕೇಳಿದ್ದೇವೆ. ತವರಿಗೆ ಹೋಗಿ ಕುಳಿತ ಒಬ್ಬ ಸೊಸೆಯನ್ನು ಸ್ತ್ರೀರೋಗ ತಜ್ಞೆಯೊಬ್ಬರ ಒಂದು ಪರೀಕ್ಷೆ ಮರಳಿ ಮನೆಗೆ ತಂದಿತು.

ಎಳೆಯ ಗಂಡುಮಕ್ಕಳ ತಾಯಂದಿರಿಗೆ ಒಂದು ಮಾತು. ಮಗುವಿನ ಮುಂದೊಗಲಿನ ಕೆಳಗೆ ಬಿಳಿಯ ಮುತ್ತಿನಂತಹ ಗಂಟು ಕಂಡರೆ ಅದು ಉದುರಿದ ಚರ್ಮದ ಕಣಗಳು ಶೇಖರವಾದದ್ದು. ಮುಂದೊಗಲು ತಾನಾಗಿ ಬಿಡಿಸಿಕೊಂಡಂತೆ ಹೊರಗೆ ಬರುತ್ತದೆ. ಎಣ್ಣೆನೀರು ಹಾಕುವಾಗ ಮುಂದೊಗಲನ್ನು ಬಲವಂತವಾಗಿ ಹಿಂದೆ ಎಳೆಯುವ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಅಜ್ಜಿಯಂದಿರ ಪ್ರೀತಿಯಲ್ಲಿ ನಮಗೆ ಸಂಶಯವಿಲ್ಲ, ಆದರೆ ಹಾಗೆ ಎಳೆದಾಗ ಆಗುವ ಸಣ್ಣ ಗಾಯಗಳು ಮಾಗುವಾಗ ಚರ್ಮ ಬಿಗಿದುಕೊಳ್ಳುತ್ತದೆ. ಎಳೆಯಬಾರದು.

ಇಷ್ಟನ್ನು ಓದಿ ಎಲ್ಲ ಗುಳ್ಳೆಯೂ ನಿರಪಾಯವೆಂದು ಯಾರೂ ತಿಳಿಯಬಾರದು. ನಾವು ಹೇಳಿದ ಸಹಜ ಗುಳ್ಳೆಗಳಿಗೆಲ್ಲ ಸಮಾನವಾದ ಒಂದು ಗುಣವಿದೆ. ಅವು ಬಹುಕಾಲದಿಂದ ಇರುತ್ತವೆ, ಬದಲಾಗುವುದಿಲ್ಲ, ನೋಯುವುದಿಲ್ಲ. ಹೊಸದಾಗಿ ಹುಟ್ಟಿದ್ದು, ಬೆಳೆಯುತ್ತಿರುವುದು, ನೋಯುವುದು, ಒಡೆದು ಹುಣ್ಣಾದದ್ದು ಬೇರೆ. ಗುಂಪಾಗಿ ನೀರುಗುಳ್ಳೆಗಳೆದ್ದು ಉರಿದರೆ ಅದು ಹರ್ಪಿಸ್ ಆಗಿರಬಹುದು. ನೋವೇ ಇಲ್ಲದ, ಅಂಚು ಗಟ್ಟಿಯಾದ ಒಂಟಿ ಹುಣ್ಣು ಎಲ್ಲಕ್ಕಿಂತ ಹೆಚ್ಚು ಮೋಸಗಾರ. ಅದು ಸಿಫಿಲಿಸ್, ಹದಿನಾರನೆಯ ಶತಮಾನದ ಭಾವಮಿಶ್ರ ಫಿರಂಗ ರೋಗವೆಂದು ಕರೆದದ್ದು. ಚಿಕಿತ್ಸೆ ಇಲ್ಲದೆಯೂ ಹುಣ್ಣು ಮಾಯುತ್ತದೆ, ರೋಗಿ ಗುಣವಾಯಿತೆಂದು ಸಂತೋಷಪಡುತ್ತಾನೆ, ರೋಗ ರಕ್ತದಲ್ಲಿ ಉಳಿದಿರುತ್ತದೆ. ಇದಕ್ಕೆ ನಮ್ಮ ಶಾಸ್ತ್ರದ ಕಷಾಯಗಳನ್ನು ನಂಬಿ ಕೂರಬಾರದೆಂದು ಆಯುರ್ವೇದ ವೈದ್ಯರಾಗಿಯೇ ಹೇಳುತ್ತೇವೆ. ರಕ್ತಪರೀಕ್ಷೆ ಮಾಡಿಸಿ ಪೆನಿಸಿಲಿನ್ ಚುಚ್ಚುಮದ್ದು ಪಡೆಯಬೇಕು.

ನಡುವೆ ಸಣ್ಣ ಕುಳಿಯಿರುವ ಮುತ್ತಿನಂತಹ ಗುಳ್ಳೆಗಳು ಅಲ್ಲೊಂದು ಇಲ್ಲೊಂದು ಎದ್ದರೆ ಅದು ಮೊಲಸ್ಕಮ್ ಎಂಬ ವೈರಾಣುವಿನ ಸೋಂಕು. ತಗಲುವಂಥದ್ದು, ಆದರೆ ತಿಂಗಳುಗಳಲ್ಲಿ ತಾನೇ ಹೋಗುತ್ತದೆ. ರಾತ್ರಿ ಹಾಸಿಗೆಗೆ ಹೋದೊಡನೆ ತುರಿಕೆ ಹೆಚ್ಚಿ, ವೃಷಣಚೀಲದ ಮೇಲೆ ಗಂಟುಗಳೆದ್ದು, ಮನೆಯಲ್ಲಿ ಇನ್ನಿಬ್ಬರು ತುರಿಸಿಕೊಳ್ಳುತ್ತಿದ್ದರೆ ಅದು ಕಜ್ಜಿ. ಮನೆಮಂದಿಯೆಲ್ಲ ಒಂದೇ ದಿನ ಔಷಧ ಹಚ್ಚಿಕೊಳ್ಳದ ಹೊರತು ಹೋಗುವುದಿಲ್ಲ. ಮುಂದೊಗಲು ಸೀಳು ಬಿಟ್ಟು, ಬಿಳಿಯಾಗಿ, ಉರಿಯತೊಡಗಿದರೆ ರಕ್ತದ ಸಕ್ಕರೆಯನ್ನು ನೋಡಿಸಿರಿ. ಮಧುಮೇಹವಿದೆಯೆಂದು ಎಷ್ಟೋ ಜನರಿಗೆ ಮೊದಲು ತಿಳಿಸಿದ ಅಂಗ ಅದು. ವಯಸ್ಸಾದವರಲ್ಲಿ ಮುಂದೊಗಲಿನ ಒಳಗೆ ಮಾಗದ ಹುಣ್ಣು, ದುರ್ಗಂಧ, ತೊಡೆಸಂದಿನಲ್ಲಿ ಗಟ್ಟಿ ಗಂಟು ಇದ್ದರೆ, ಸ್ತ್ರೀಯರಲ್ಲಿ ಮುಟ್ಟು ನಿಂತ ಮೇಲೆ ಯೋನಿತುಟಿಯ ಮೇಲೆ ಬಿಳಿ ಮಚ್ಚೆ ಅಥವಾ ಹುಣ್ಣು ಎದ್ದರೆ, ಒಂದು ವಾರವನ್ನೂ ಕಳೆಯಬಾರದು. ಚರ್ಮದ ಮೇಲಲ್ಲದೆ ವೃಷಣದ ಒಳಗೇ ಗಟ್ಟಿ ಸಿಕ್ಕರೂ ಅಷ್ಟೇ.

ಲೈಂಗಿಕ ಸೋಂಕಿನ ನರಹುಲಿಯೆಂದೇ ಗೊತ್ತಾದವರಿಗೂ ಎರಡು ಸಮಾಧಾನದ ಮಾತುಗಳಿವೆ. ಅದನ್ನು ತರುವುದು ಎಚ್‌ಪಿವಿ ವೈರಾಣುವಿನ 6 ಮತ್ತು 11ನೆಯ ಬಗೆಗಳು. ಗರ್ಭಕಂಠದ ಕ್ಯಾನ್ಸರಿಗೆ ಮುಖ್ಯ ಕಾರಣವಾದ 16 ಮತ್ತು 18ನೆಯ ಬಗೆಗಳು ಬೇರೆ. ಎರಡನೆಯದಾಗಿ, ವೈರಾಣು ದೇಹ ಸೇರಿದ ಮೇಲೆ ಗುಳ್ಳೆ ಕಾಣಲು ವಾರಗಳಾಗಬಹುದು, ತಿಂಗಳುಗಳಾಗಬಹುದು, ವರ್ಷಗಳೂ ಆಗಬಹುದು. ಆದುದರಿಂದ ಇಂದು ಕಂಡ ನರಹುಲಿಯನ್ನು ಮುಂದಿಟ್ಟುಕೊಂಡು ನಿನ್ನೆಯ ನಡತೆಯನ್ನು ವಿಚಾರಣೆ ಮಾಡಲಾಗದು. ದಂಪತಿಗಳಿಬ್ಬರೂ ಒಟ್ಟಿಗೆ ವೈದ್ಯರಲ್ಲಿಗೆ ಹೋಗುವುದು ಲೇಸು.

ಬಸ್ ನಿಲ್ದಾಣದ ಗೋಡೆಗಳ ಮೇಲೆ, ಈಗ ಮೊಬೈಲಿನಲ್ಲಿ, ಗುಪ್ತರೋಗ, ಧಾತುದೌರ್ಬಲ್ಯಗಳಿಗೆ ಖಚಿತ ಪರಿಹಾರವೆಂದು ಜಾಹೀರಾತು ಮಾಡುವವರು ನಮ್ಮ ಹುಡುಗರ ಸಂಕೋಚವನ್ನೇ ಬಂಡವಾಳ ಮಾಡಿಕೊಂಡಿದ್ದಾರೆ. ಅವರಲ್ಲಿ ಹಲವರು ಆಯುರ್ವೇದದ ಹೆಸರನ್ನು ಹಾಕಿಕೊಂಡಿರುವುದು ನಮಗೆ ನಾಚಿಕೆಯ ಸಂಗತಿ. ಲೈಂಗಿಕ ರೋಗಗಳನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಮಾಡುವುದನ್ನು ನಿಷೇಧಿಸುವ ಕಾನೂನು 1954ರಿಂದಲೂ ಇದೆ. ಸಹಜ ಗುಳ್ಳೆಯನ್ನು ರೋಗವೆಂದು ಹೆಸರಿಸಿ, ಆರು ತಿಂಗಳ ಲೇಹ್ಯ ಕೊಟ್ಟು, ಗುಳ್ಳೆ ಹೋಗದಿದ್ದಾಗ ಪಥ್ಯ ಸರಿಯಿರಲಿಲ್ಲವೆಂದು ರೋಗಿಯನ್ನೇ ದೂರುವುದು ಅವರ ವಿಧಾನ.

ನಮ್ಮ ತರುಣನ ಕಥೆಗೆ ಮರಳೋಣ. ರೋಗವಿಲ್ಲವೆಂದು ಹೇಳಿದಾಗ ಆತ ಅತ್ತ. ಆದರೆ ನಂಬಲಿಲ್ಲ. ಮರುವಾರ ಮತ್ತೆ ಬಂದ, ಅದರ ಮರುವಾರವೂ ಬಂದ. ದಿನಕ್ಕೆ ಹತ್ತು ಬಾರಿ ಬಚ್ಚಲಿಗೆ ಹೋಗಿ ನೋಡಿಕೊಳ್ಳುವುದು, ಮೊಬೈಲಿನಲ್ಲಿ ರೋಗದ ಚಿತ್ರಗಳನ್ನು ಹುಡುಕಿ ತನ್ನದರೊಡನೆ ಹೋಲಿಸುವುದು ಆತನಿಗೆ ಅಭ್ಯಾಸವಾಗಿಬಿಟ್ಟಿತ್ತು. ಎಂಟು ವರ್ಷ ಬೇರೂರಿದ ಭಯ ಎರಡು ನಿಮಿಷದ ಪರೀಕ್ಷೆಯಿಂದ ಕಿತ್ತುಬರುವುದಿಲ್ಲವೆಂದು ಅರಿತು, ಶಿವಮೊಗ್ಗದ ಚರ್ಮತಜ್ಞರಿಂದ ಎರಡನೆಯ ಅಭಿಪ್ರಾಯ ಕೊಡಿಸಿದೆವು. ನೋಡಿಕೊಳ್ಳುವುದು ದಿನಕ್ಕೆ ಒಮ್ಮೆ, ಬಳಿಕ ವಾರಕ್ಕೆ ಒಮ್ಮೆ ಎಂದು ಕಡಿಮೆ ಮಾಡಿಸಿದೆವು. ಮೊಬೈಲಿನ ಹುಡುಕಾಟವನ್ನು ಪೂರ್ತಿ ನಿಲ್ಲಿಸಲು ಹೇಳಿದೆವು. ಲೇಪವನ್ನೂ ಗುಳಿಗೆಯನ್ನೂ ಕೊಡಲಿಲ್ಲ. ಕೊಟ್ಟಿದ್ದರೆ ರೋಗವಿದೆಯೆಂದು ನಾವೇ ಒಪ್ಪಿದಂತಾಗುತ್ತಿತ್ತು. ಇಷ್ಟಾದರೂ ಭಯ ಬಿಡದವರು ಮನೋವೈದ್ಯರನ್ನು ಕಾಣಬೇಕು. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಆ ತರುಣನ ತಾಯಿಗೆ ನಾವು ಏನನ್ನೂ ಹೇಳಲಿಲ್ಲ. ಆತನೇ ಒಂದು ದಿನ, ಮದುವೆಗೆ ಅಡ್ಡಿಯಿಲ್ಲವೆಂದಷ್ಟು ಹೇಳಿದನಂತೆ. ಲಗ್ನಪತ್ರಿಕೆಯನ್ನು ನಮ್ಮ ಮನೆಗೆ ತಂದುಕೊಟ್ಟವರು ಆ ತಾಯಿಯೇ.

ತೋರಿಸುವುದಾದರೂ ಎಲ್ಲಿ ಎಂದು ಕೇಳುವವರಿಗಾಗಿ: ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಅಲ್ಲಿ ಚರ್ಮರೋಗ ವಿಭಾಗವಿದೆ. ಲೈಂಗಿಕ ಸೋಂಕಿನ ಸಂಶಯವಿದ್ದವರಿಗಾಗಿ ಸರಕಾರಿ ಆಸ್ಪತ್ರೆಗಳಲ್ಲಿ 'ಸುರಕ್ಷಾ ಕ್ಲಿನಿಕ್' ಎಂಬ ವ್ಯವಸ್ಥೆಯಿದೆ. ಪರೀಕ್ಷೆ ಮತ್ತು ಔಷಧ ಉಚಿತ, ಹೆಸರು ಹೊರಗೆ ಹೋಗುವುದಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 1097ಕ್ಕೆ ಉಚಿತವಾಗಿ ಕರೆಮಾಡಿ ಕೇಳಬಹುದು. ಹದಿಹರೆಯದವರಿಗೆ ಸರಕಾರಿ ಆಸ್ಪತ್ರೆಗಳ 'ಸ್ನೇಹ ಕ್ಲಿನಿಕ್'ಗಳಿವೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ಪರಿಚಿತರು ಸಿಗುತ್ತಾರೆಂಬ ಅಂಜಿಕೆ ನಮ್ಮ ಜನರಿಗೆ ಇದೆ, ಅದು ಸುಳ್ಳಲ್ಲ. ಆದರೆ ಹೊರರೋಗಿ ಚೀಟಿ ಮಾಡಿಸುವ ಕಿಟಕಿಯಲ್ಲಿ ಯಾರೂ ರೋಗದ ವಿವರ ಹೇಳಬೇಕಾಗಿಲ್ಲ. ಚರ್ಮದ ತೊಂದರೆ ಎಂದಷ್ಟು ಹೇಳಿದರೆ ಸಾಕು. ಒಳಗೆ ಹೋದ ಮೇಲೆ ಮಾತ್ರ ಗಜಕರ್ಣದ ನೆಪ ಹೇಳದೆ, ಬಂದ ಕಾರಣವನ್ನೇ ಮೊದಲು ಹೇಳಿರಿ.